ಹಳೆಯ ಗೇಮಿಂಗ್ ಪಿಸಿಗೆ ಹೊಸ ಪ್ರೊಸೆಸರ್: ಮೊದಲು ನಿಮ್ಮ ರ‍್ಯಾಮ್ ನೋಡಿ

ಪ್ರಶ್ನೆ: ಸಾರ್, ನಾನು ರಾಜಾಜಿನಗರದವನು. 2017ರಲ್ಲಿ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಜೋಡಿಸಿಕೊಂಡ ಪಿಸಿ ನನ್ನದು. ಇಂಟೆಲ್ ಐ5-7500 ಪ್ರೊಸೆಸರ್, ಬಿ250 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 2400 ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ವಿಂಡೋಸ್ 10 ಇರುವುದು 240 ಜಿಬಿ ಎಸ್‌ಎಸ್‌ಡಿಯಲ್ಲಿ, ಆಟಗಳೆಲ್ಲ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ. 2023ರಲ್ಲಿ ಜಿಟಿಎಕ್ಸ್ 1060 ತೆಗೆದು ಆರ್‌ಟಿಎಕ್ಸ್ 3060 12 ಜಿಬಿ ಹಾಕಿದೆ. ಮಾನಿಟರ್ 1080ಪಿ, 144 ಹರ್ಟ್ಸ್. ಕಾರ್ಡ್ ಬದಲಾಯಿಸಿದರೂ ದೊಡ್ಡ ಆಟಗಳು ನಡುನಡುವೆ ಜರ್ಕ್ ಹೊಡೆಯುತ್ತವೆ. ವಿಂಡೋಸ್ 11 ಹಾಕೋಣ ಅಂದರೆ ನಿಮ್ಮ ಪ್ರೊಸೆಸರ್‌ಗೆ ಆಗಲ್ಲ ಅಂತ ಬರುತ್ತದೆ. ಅಂಗಡಿಯವರು ಸೆಕೆಂಡ್ ಹ್ಯಾಂಡ್ ಐ7-7700 ಹಾಕಿಸಿಕೊಳ್ಳಿ ಸಾಕು ಅಂದರು. ಗೆಳೆಯ ಎಎಂಡಿಯ ಹೊಸ ಸಾಕೆಟ್ ಎಎಂ5 ಬಿಟ್ಟು ಬೇರೆ ನೋಡಲೇಬೇಡ ಅನ್ನುತ್ತಾನೆ. ಬಜೆಟ್ 30 ಸಾವಿರ. ಏನು ಮಾಡಲಿ?

ಉತ್ತರ: ಅಂಗಡಿಯವರು ಹೇಳಿದ್ದೂ ಬೇಡ, ಗೆಳೆಯ ಹೇಳಿದ್ದೂ ಬೇಡ. ನಿಮ್ಮ ಕ್ಯಾಬಿನೆಟ್ ಒಳಗೆ ಈಗ ಬೆಲೆಬಾಳುವ ವಸ್ತು ಎರಡೇ ಇವೆ: ಆ ಆರ್‌ಟಿಎಕ್ಸ್ 3060 ಕಾರ್ಡ್, ಮತ್ತೆ ಆ ಎರಡು ರ‍್ಯಾಮ್ ಸ್ಟಿಕ್. ಕಾರ್ಡ್ ಹೇಗೂ ಯಾವ ಬೋರ್ಡ್‌ಗಾದರೂ ಕೂರುತ್ತದೆ. ರ‍್ಯಾಮ್ ಹಾಗಲ್ಲ. ಯಾವ ಬೋರ್ಡ್ ತಗೊಳ್ಳಬೇಕು, ಯಾವ ಪ್ರೊಸೆಸರ್ ತಗೊಳ್ಳಬೇಕು ಅನ್ನುವುದನ್ನು ಈ ಹೊತ್ತಿನಲ್ಲಿ ನಿಮ್ಮ ರ‍್ಯಾಮ್ ತೀರ್ಮಾನ ಮಾಡಬೇಕು. ಇದನ್ನು ಆಮೇಲೆ ಬಿಡಿಸಿ ಹೇಳುತ್ತೇನೆ. ಅದಕ್ಕೂ ಮೊದಲು ದುಡ್ಡು ಖರ್ಚಿಲ್ಲದ ಒಂದು ಕೆಲಸ ಇದೆ.

ಜರ್ಕ್ ಹೊಡೆಯುತ್ತಿರುವುದು ನಿಜವಾಗಿ ಪ್ರೊಸೆಸರ್‌ನಿಂದಲೇನಾ ಅಂತ ನೋಡಿಕೊಳ್ಳಿ. ಎಂಎಸ್‌ಐ ಆಫ್ಟರ್‌ಬರ್ನರ್ ಅಂತ ಉಚಿತ ತಂತ್ರಾಂಶ ಇದೆ. ಅದರ ಜೊತೆಗೇ ರಿವಾಟ್ಯೂನರ್ ಬರುತ್ತದೆ. ಎರಡನ್ನೂ ಹಾಕಿಕೊಂಡರೆ ಆಟದ ಮೂಲೆಯಲ್ಲಿ ಅಂಕಿಗಳು ಕಾಣುತ್ತವೆ: ಕಾರ್ಡ್ ಎಷ್ಟು ಶೇಕಡಾ ದುಡಿಯುತ್ತಿದೆ, ಪ್ರೊಸೆಸರ್‌ನ ಒಂದೊಂದು ಕೋರ್ ಎಷ್ಟು ದುಡಿಯುತ್ತಿದೆ, ಒಂದೊಂದು ಫ್ರೇಮ್‌ಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು. ನಿಮಗೆ ಜರ್ಕ್ ಕೊಡುವ ಆಟದಲ್ಲೇ, ಜನ ವಾಹನ ಗಿಜಿಗುಡುವ ಜಾಗದಲ್ಲಿ ಹತ್ತು ನಿಮಿಷ ಆಡಿ. ಕಾರ್ಡ್ 97, 98 ಅಂತ ನಿಂತಿದ್ದರೆ ಅಡ್ಡಿ ಕಾರ್ಡ್‌ನದು. ಪ್ರೊಸೆಸರ್ ಬದಲಾಯಿಸಿ ಏನೂ ಲಾಭ ಇಲ್ಲ. ಕಾರ್ಡ್ 60-70ರಲ್ಲಿ ಓಲಾಡುತ್ತಿದ್ದು, ನಾಲ್ಕೂ ಕೋರ್ 100 ಮುಟ್ಟಿದ್ದರೆ ಅಡ್ಡಿ ಪ್ರೊಸೆಸರ್‌ನದು. ಇನ್ನೂ ಅನುಮಾನ ಇದ್ದರೆ ಆಟದ ರೆಸಲ್ಯೂಷನ್ 720ಪಿಗೆ ಇಳಿಸಿ. ಕಾರ್ಡ್‌ನ ಕೆಲಸ ಅರ್ಧಕ್ಕರ್ಧ ಕಮ್ಮಿಯಾದರೂ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಅಂಕಿ) ಏರದಿದ್ದರೆ ಮತ್ತೆ ಕೇಳುವುದೇ ಬೇಡ.

ಇನ್ನೂ ಎರಡು ಕಡೆ ಕಣ್ಣು ಹಾಯಿಸಿ. ಒಂದು, ಪ್ರೊಸೆಸರ್‌ನ ಬಿಸಿ. 2017ರಲ್ಲಿ ಹಚ್ಚಿದ ಥರ್ಮಲ್ ಪೇಸ್ಟ್ ಇಷ್ಟು ಹೊತ್ತಿಗೆ ಒಣಗಿ ಪುಡಿಯಾಗಿರುತ್ತದೆ. ಬೆಂಗಳೂರಿನ ಧೂಳಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಮೆಟ್ರೋ ಕಾಮಗಾರಿಯೋ ರಸ್ತೆ ಅಗೆತವೋ ಮನೆ ಹತ್ತಿರ ನಡೆದಿದ್ದರೆ ಹೀಟ್‌ಸಿಂಕ್ ಮೇಲೆ ಒಂದು ಕಂಬಳಿಯೇ ಕೂತಿರುತ್ತದೆ. 90 ಡಿಗ್ರಿ ದಾಟುತ್ತಿದ್ದರೆ ಮೊದಲು ಧೂಳು ಹೊಡೆದು ಹೊಸ ಪೇಸ್ಟ್ ಹಚ್ಚಿ. ಇನ್ನೊಂದು, ಆ ಹಾರ್ಡ್‌ಡಿಸ್ಕ್. ದೊಡ್ಡ ಊರು, ಕಾಡು ಇರುವ ಆಟಗಳು ನೀವು ಓಡಾಡುತ್ತಿದ್ದಂತೆ ಮುಂದಿನ ಜಾಗವನ್ನು ಡಿಸ್ಕ್‌ನಿಂದ ಎಳೆದುಕೊಳ್ಳುತ್ತಲೇ ಇರುತ್ತವೆ. ಹಾರ್ಡ್‌ಡಿಸ್ಕ್‌ಗೆ ಅಷ್ಟು ವೇಗ ಇಲ್ಲ. ಸೈಬರ್‌ಪಂಕ್ 2077 ಥರದ ಆಟಗಳು ಈಗ ಕನಿಷ್ಠ ಅಗತ್ಯ ಅಂತಲೇ ಎಸ್‌ಎಸ್‌ಡಿ ಕೇಳುತ್ತವೆ. ಒಂದೇ ಒಂದು ಆಟವನ್ನು ನಿಮ್ಮ 240 ಜಿಬಿಗೆ ಸರಿಸಿ ಆಡಿ ನೋಡಿ. ಅರ್ಧ ಜರ್ಕ್ ಅಲ್ಲೇ ಹೋದರೂ ನನಗೆ ಆಶ್ಚರ್ಯ ಇಲ್ಲ.

ಆದರೂ ನನ್ನ ಅಂದಾಜು ಏನೆಂದರೆ, ಉಳಿದರ್ಧ ಜರ್ಕ್ ಪ್ರೊಸೆಸರ್‌ನದೇ. ಐ5-7500ಕ್ಕೆ ನಾಲ್ಕು ಕೋರ್, ನಾಲ್ಕೇ ಥ್ರೆಡ್, ಅಂದರೆ ಒಂದೇ ಹೊತ್ತಿಗೆ ನಾಲ್ಕು ಕೆಲಸ ಮಾತ್ರ. 2017ರಲ್ಲಿ ಅದು ಬೇಕಾದಷ್ಟಾಯಿತು. 2020ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದವು. ಎರಡರಲ್ಲೂ ಎಂಟು ಕೋರ್, ಹದಿನಾರು ಥ್ರೆಡ್. ಆಟ ಬರೆಯುವವರು ಅದನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಬರೆಯತೊಡಗಿದರು. ಅಂಥ ಆಟ ನಿಮ್ಮಲ್ಲಿಗೆ ಬಂದಾಗ ಮದುವೆ ಊಟದ ದೊಡ್ಡ ಪಂಕ್ತಿಗೆ ಬಡಿಸುವವರು ನಾಲ್ಕೇ ಜನ ಇದ್ದ ಹಾಗೆ. ಎಲ್ಲ ಸರಿಯಾಗಿ ನಡೆಯುವಾಗ ಯಾರಿಗೂ ಗೊತ್ತಾಗಲ್ಲ. ಒಬ್ಬ ಸಾರಿನ ಬಕೆಟ್ ತುಂಬಿಸಿಕೊಳ್ಳಲು ಹೋದನೋ, ಒಂದು ಸಾಲು ಪೂರ್ತಿ ಕೈಕಟ್ಟಿ ಕೂರುತ್ತದೆ. ಹಿಂದೆ ಡಿಸ್ಕಾರ್ಡ್, ಬ್ರೌಸರ್, ಆಂಟಿವೈರಸ್ ಒಂದು ಕ್ಷಣ ಕೋರ್ ಕೇಳಿದರೂ ಹೀಗೇ ಆಗುತ್ತದೆ. ಅದಕ್ಕೇ ಸರಾಸರಿ ಎಫ್‌ಪಿಎಸ್ 70 ತೋರಿಸಿದರೂ ಆಟ ತಡವರಿಸಿದಂತೆ ಅನಿಸುವುದು. ಸರಾಸರಿ ನೋಡಬೇಡಿ, ‘1 ಪರ್ಸೆಂಟ್ ಲೋ’ ಅನ್ನುವ ಅಂಕಿ, ಅಂದರೆ ಅತಿ ನಿಧಾನದ ಫ್ರೇಮ್‌ಗಳ ಎಫ್‌ಪಿಎಸ್ ನೋಡಿ.

ಹೊಸದು ಕೊಳ್ಳುವವರೆಗೆ ರಿವಾಟ್ಯೂನರ್‌ನಲ್ಲೇ ಎಫ್‌ಪಿಎಸ್ ಅನ್ನು 60ಕ್ಕೆ ಕಟ್ಟಿಹಾಕಿ. 144 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು 60ಕ್ಕೆ ಆಡುವುದು ಬೇಜಾರೇ. ಆದರೆ ಪ್ರೊಸೆಸರ್‌ಗೆ ಉಸಿರಾಡಲು ಜಾಗ ಸಿಕ್ಕರೆ ಜರ್ಕ್ ಎದ್ದು ಕಾಣುವಷ್ಟು ಕಮ್ಮಿಯಾಗುತ್ತದೆ.

ಈಗ ಐ7-7700. ಅಂಗಡಿಯವರು ಪೂರ್ತಿ ಸುಳ್ಳು ಹೇಳಿಲ್ಲ. ನಾಲ್ಕು ಕೋರ್‌ಗೆ ಎಂಟು ಥ್ರೆಡ್ ಬರುತ್ತವೆ, ಸುಧಾರಣೆ ಖಂಡಿತ ಕಾಣುತ್ತದೆ, ಬೋರ್ಡ್ ಬದಲಾಯಿಸುವ ರಗಳೆ ಇಲ್ಲ. ಆದರೆ ಅದು ಆ ಬೋರ್ಡ್‌ನ ಕೊನೆಯ ಮೆಟ್ಟಿಲು. ವಾರಂಟಿ ಮುಗಿದ ಹಳೆಯ ಚಿಪ್. ಮೇಲಾಗಿ ವಿಂಡೋಸ್ 11 ತೊಂದರೆ ಹಾಗೇ ಉಳಿಯುತ್ತದೆ. ಮೈಕ್ರೋಸಾಫ್ಟ್ ಒಪ್ಪುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲೆ. 7ನೇ ತಲೆಮಾರಿನಲ್ಲಿ ಐ5 ಆದರೇನು, ಐ7 ಆದರೇನು. ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯ) ಆನ್ ಮಾಡಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಮ್ಮ ಅಡ್ಡಿ ಟಿಪಿಎಂ ಅಲ್ಲ, ಪ್ರೊಸೆಸರ್ ಪಟ್ಟಿ. ಅಡ್ಡದಾರಿಯಲ್ಲಿ ಹಾಕಿಕೊಳ್ಳಬಹುದು, ಓಡುತ್ತದೆ ಕೂಡ, ಆದರೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಕೊಟ್ಟಿರುವ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗೆ ಮಾತ್ರ.

ಇಲ್ಲೇ ಒಂದು ಗುಂಡಿ ಇದೆ, ಬೀಳಬೇಡಿ. ‘ಹಾಗಾದರೆ 8ನೇ ತಲೆಮಾರಿನ ಐ5-8400 ಹಾಕಿ ಸಾರ್, ಸಾಕೆಟ್ ಅದೇ’ ಅಂತ ಯಾರಾದರೂ ಹೇಳಬಹುದು. ಎರಡಕ್ಕೂ ಎಲ್‌ಜಿಎ1151 ಅಂತಲೇ ಹೆಸರು, ಚಿಪ್ ಕೂತೂ ಬಿಡುತ್ತದೆ. ಆದರೆ ಬಿ250 ಬೋರ್ಡ್‌ನಲ್ಲಿ ಅದು ಓಡುವುದಿಲ್ಲ. ಅದಕ್ಕೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡ್ ಬೇಕು.

ಗೆಳೆಯ ಹೇಳಿದ ಎಎಂ5 ವಿಚಾರಕ್ಕೆ ಬರೋಣ. ಒಳ್ಳೆಯ ವೇದಿಕೆ, ಅನುಮಾನ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಂತು, 2027 ಮತ್ತು ಆಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ರೈಜನ್ 5 7600 ಇವತ್ತು ಹಾಕಿ, ಕೆಲವು ವರ್ಷ ಬಿಟ್ಟು ಅದೇ ಬೋರ್ಡ್‌ಗೆ ದೊಡ್ಡ ಚಿಪ್ ಹಾಕಬಹುದು. ಪೂರ್ತಿ ಹೊಸ ಪಿಸಿ ಕಟ್ಟುವವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಎಎಂ5ಗೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಡಿಡಿಆರ್4 ಆ ಸ್ಲಾಟ್‌ಗೆ ಕೂರುವುದೇ ಇಲ್ಲ, ಕಚ್ಚು ಬೇರೆ ಕಡೆ ಇರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏನಾಗಿದೆ ಅಂತ ನೋಡಿದ್ದೀರಲ್ಲ? ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ತಯಾರಕರಿಗೂ ಅಲ್ಲೇ ಲಾಭ ಜಾಸ್ತಿ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ರ‍್ಯಾಮ್ ಮತ್ತು ಎಸ್‌ಎಸ್‌ಡಿ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಈಗ 32 ಜಿಬಿ ಡಿಡಿಆರ್5 ಜೋಡಿಯೊಂದು ಆ ರೈಜನ್ 7600 ಪ್ರೊಸೆಸರ್‌ಗಿಂತ ದುಬಾರಿ. ನಿಮ್ಮ 30 ಸಾವಿರದಲ್ಲಿ ದೊಡ್ಡ ಪಾಲು ರ‍್ಯಾಮ್‌ಗೇ ಹೋದರೆ ಬೋರ್ಡ್‌ಗೆ, ಎಸ್‌ಎಂಪಿಎಸ್‌ಗೆ ಏನು ಉಳಿಯಿತು? ಕೊನೆಗೆ ಎಲ್ಲದರಲ್ಲೂ ಕಂಜೂಸ್ ಮಾಡಿದ ಪಿಸಿ ಆಗುತ್ತದೆ.

ಹಾಗಾಗಿ ಡಿಡಿಆರ್4 ಬಿಡಬೇಡಿ. ಡಿಡಿಆರ್4 ಹಿಡಿಯುವ, ವಿಂಡೋಸ್ 11 ಒಪ್ಪುವ, ಇನ್ನೂ ಹೊಸದಾಗಿ ಸಿಗುವ ದಾರಿ ಎರಡು ಇವೆ: ಎಎಂಡಿಯ ಎಎಂ4, ಇಂಟೆಲ್‌ನ ಎಲ್‌ಜಿಎ1700. ಎಎಂ4ನಲ್ಲಿ ರೈಜನ್ 5 5600, ಇಂಟೆಲ್‌ನಲ್ಲಿ ಐ5-12400ಎಫ್. ಎರಡೂ 2022ರಲ್ಲಿ ಬಂದವು, ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಆಟಗಳಲ್ಲಿ ಹೆಚ್ಚುಕಮ್ಮಿ ಸರಿಸಮ. ಬೇರೆಯವರು ಕೇಳಿದ್ದರೆ ಯಾವುದು ಅಗ್ಗವೋ ಅದು ತಗೊಳ್ಳಿ ಅಂದುಬಿಡುತ್ತಿದ್ದೆ.

ನಿಮಗೆ ಹಾಗೆ ಹೇಳಲಾರೆ, ಯಾಕೆಂದರೆ ನಿಮ್ಮ ರ‍್ಯಾಮ್ 2400 ವೇಗದ್ದು. ರೈಜನ್ ಒಳಗೆ ಕೋರ್‌ಗಳಿರುವ ತುಂಡು ಬೇರೆ, ಮೆಮೊರಿಯ ಜೊತೆ ಮಾತಾಡುವ ತುಂಡು ಬೇರೆ. ಎರಡನ್ನೂ ಜೋಡಿಸುವ ದಾರಿಗೆ ಇನ್ಫಿನಿಟಿ ಫ್ಯಾಬ್ರಿಕ್ ಅಂತ ಹೆಸರು. ಆ ದಾರಿಯ ವೇಗ ಸಾಮಾನ್ಯವಾಗಿ ರ‍್ಯಾಮ್‌ನ ವೇಗಕ್ಕೇ ಕಟ್ಟಿಕೊಂಡಿರುತ್ತದೆ. ರ‍್ಯಾಮ್ 3600 ಇದ್ದರೆ ಫ್ಯಾಬ್ರಿಕ್ 1800 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ರ‍್ಯಾಮ್ 2400 ಇದ್ದರೆ ಫ್ಯಾಬ್ರಿಕ್ ಕೂಡ 1200ಕ್ಕೆ ಇಳಿಯುತ್ತದೆ. ಅಂದರೆ ನಿಧಾನದ ರ‍್ಯಾಮ್ ಹಾಕಿದ್ದಕ್ಕೆ ಎರಡು ಕಡೆ ದಂಡ. ಇಂಟೆಲ್ 12400ಎಫ್‌ನಲ್ಲಿ ಎಲ್ಲ ಕೋರ್ ಒಂದೇ ಚಿಪ್‌ನಲ್ಲಿವೆ, ಒಳದಾರಿಯ ವೇಗ ರ‍್ಯಾಮ್‌ಗೆ ಕಟ್ಟಿಕೊಂಡಿಲ್ಲ. ನಿಧಾನದ ರ‍್ಯಾಮ್‌ನಿಂದ ಅದಕ್ಕೂ ನಷ್ಟ ಇದೆ, ಆದರೆ ದಂಡ ಒಂದೇ ಕಡೆ. ನಿಮ್ಮ ಬಳಿ 3200 ಅಥವಾ 3600 ರ‍್ಯಾಮ್ ಇದ್ದಿದ್ದರೆ ರೈಜನ್ 5600 ಮತ್ತು ಬಿ550 ಬೋರ್ಡ್ ಕಣ್ಣುಮುಚ್ಚಿ ತಗೊಳ್ಳಬಹುದಿತ್ತು. 2400ಕ್ಕೆ ನನ್ನ ಓಟು 12400ಎಫ್‌ಗೆ. ದೊಡ್ಡ ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಇರುವ ರೈಜನ್ 7 5700ಎಕ್ಸ್3ಡಿ, 5800ಎಕ್ಸ್3ಡಿ ಚಿಪ್‌ಗಳು ನಿಧಾನದ ರ‍್ಯಾಮ್‌ಗೂ ಅಷ್ಟಾಗಿ ಜಗ್ಗುವುದಿಲ್ಲ, ಆದರೆ ಅವು ಈಗ ಹೊಸದಾಗಿ ಸಿಗುವುದೇ ಕಷ್ಟ. ಸೆಕೆಂಡ್ ಹ್ಯಾಂಡ್‌ನವರು ಕೇಳುವ ಬೆಲೆಗೆ ನಾನಂತೂ ಕೊಡಲಾರೆ.

ಇನ್ನೊಂದು ಲಾಭ ಹೇಳಿಬಿಡುತ್ತೇನೆ. ನಿಮ್ಮ ಬಿ250 ಬೋರ್ಡ್ 2400ಕ್ಕಿಂತ ಮೇಲೆ ಹೋಗಲು ಬಿಡುತ್ತಿರಲಿಲ್ಲ. 12400ಎಫ್ ಕೂರುವ ಹೊಸ ಬಿ760 ಬೋರ್ಡ್ ಬಿಡುತ್ತದೆ. ಅದೇ ಸ್ಟಿಕ್‌ಗಳನ್ನು 2666ಕ್ಕೆ, ಅದೃಷ್ಟ ಇದ್ದರೆ 2933ಕ್ಕೆ ಏರಿಸಿ ನೋಡಬಹುದು. ಏರಿಸಿದ ಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ. ಒಂದು ಎರರ್ ಬಂದರೂ ಇಳಿಸಿ. ತಪ್ಪು ಸೆಟ್ಟಿಂಗ್‌ನಲ್ಲಿ ಬೋರ್ಡ್ ಆನ್ ಆಗದಿದ್ದರೆ ಹೆದರಬೇಡಿ, ಬಯೋಸ್ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ರೀಸೆಟ್ ಮಾಡಿದರೆ ಮೊದಲಿನ ಸ್ಥಿತಿಗೆ ಬರುತ್ತದೆ. 16 ಜಿಬಿ ಈಗಿನ ಹೆಚ್ಚಿನ ಆಟಗಳಿಗೆ ಸಾಕು. ಡಿಡಿಆರ್4 ಬೆಲೆಯೂ ಏರಿದೆ, ಹಾಗಾಗಿ ಈಗ ಸುಮ್ನೆ ಇನ್ನೆರಡು ಸ್ಟಿಕ್ ಸೇರಿಸಲು ಹೋಗಬೇಡಿ.

ಬೋರ್ಡ್ ಆರಿಸುವಾಗ ಎರಡು ವಿಚಾರ ನೋಡಿದರೆ ಸಾಕು. ಬಿ760 ಬೋರ್ಡ್‌ಗಳು ಡಿಡಿಆರ್4ಗೂ ಬರುತ್ತವೆ, ಡಿಡಿಆರ್5ಗೂ ಬರುತ್ತವೆ, ಹೆಸರು ಒಂದೇ ಥರ. ಡಬ್ಬದ ಮೇಲೆ ‘ಡಿ4’ ಅಥವಾ ‘ಡಿಡಿಆರ್4’ ಅಂತ ಇದೆಯಾ ಓದಿಕೊಳ್ಳಿ. ಅಂಗಡಿಯವರ ಬಾಯಿಮಾತು ನಂಬಿ ಮನೆಗೆ ಬಂದರೆ ಮತ್ತೆ ಓಡಬೇಕಾಗುತ್ತದೆ. ಎರಡನೆಯದು, ಕಾಂಬೊ ಅಂತ ಹೇಳಿ ಎಚ್610 ಬೋರ್ಡ್ ತೋರಿಸುತ್ತಾರೆ. ಅಗ್ಗ ಹೌದು, 12400ಎಫ್ ಅದರಲ್ಲಿ ಓಡುತ್ತದೆ, 3060 ಕಾರ್ಡ್‌ಗೂ ಏನೂ ಕಮ್ಮಿ ಆಗುವುದಿಲ್ಲ. ಆದರೆ ರ‍್ಯಾಮ್ ಸ್ಲಾಟ್ ಎರಡೇ, ಎಂ.2 (ಬೋರ್ಡ್ ಮೇಲೇ ಎಸ್‌ಎಸ್‌ಡಿ ಕೂರಿಸುವ ಸ್ಲಾಟ್) ಸೌಲಭ್ಯ ಕಮ್ಮಿ. ಅಗ್ಗದ ಮಾದರಿಗಳಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ವಿಆರ್‌ಎಂ ಭಾಗ ಬೋಳಾಗಿರುತ್ತದೆ. 12400ಎಫ್ ಹೆಸರಿಗೆ 65 ವ್ಯಾಟ್, ಪೂರ್ತಿ ಓಡಿದಾಗ 117ರವರೆಗೆ ಎಳೆಯಬಹುದು. ಏಪ್ರಿಲ್‌ನಲ್ಲಿ ಇಲ್ಲಿ 36-37 ಡಿಗ್ರಿ ಆದಾಗ, ಎಸಿ ಇಲ್ಲದ ಮೇಲ್ಮಹಡಿ ರೂಮಿನಲ್ಲಿ ಅದು ಕಷ್ಟ. ವಿಆರ್‌ಎಂ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂತಿರುವ ಬಿ660 ಅಥವಾ ಬಿ760 ಯಾವುದಾದರೂ ಆಗಬಹುದು. ದೀಪ, ವೈಫೈ ಇವೆಲ್ಲ ನಿಮ್ಮಿಷ್ಟ.

ಪ್ರೊಸೆಸರ್ ಹೆಸರಿನ ಕೊನೆಯ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ನಿಮ್ಮ ಬಳಿ ಕಾರ್ಡ್ ಇರುವುದರಿಂದ ಸರಿ. ಆದರೆ ಕಾರ್ಡ್ ಕೆಟ್ಟು ಸರ್ವಿಸ್‌ಗೆ ಹೋದ ವಾರಗಳಲ್ಲಿ ಪರದೆಯೇ ಬರುವುದಿಲ್ಲ. ಅದೇ ಪಿಸಿಯಲ್ಲಿ ಆಫೀಸ್ ಕೆಲಸವೂ ಮಾಡುವುದಾದರೆ ಎಫ್ ಇಲ್ಲದ 12400 ತಗೊಳ್ಳಿ, ವ್ಯತ್ಯಾಸ ಜಾಸ್ತಿ ಇಲ್ಲದಿದ್ದರೆ. ಡಬ್ಬದ ಪ್ರೊಸೆಸರ್‌ಗೆ ಮೂರು ವರ್ಷದ ಕಂಪನಿ ವಾರಂಟಿ, ಜೊತೆಗೆ ಕೂಲರ್. ‘ಟ್ರೇ’ ಅಂತ ಬಿಡಿಯಾಗಿ ಮಾರುವುದಕ್ಕೆ ಎರಡೂ ಇಲ್ಲ, ಅಂಗಡಿಯವರ ಮಾತೇ ವಾರಂಟಿ. ಹಳೆಯ ಕೂಲರ್ ಹಾಕಿಕೊಳ್ಳುತ್ತೇನೆ ಅನ್ನಬೇಡಿ. 1151 ಬೋರ್ಡ್‌ನಲ್ಲಿ ತೂತುಗಳ ಅಂತರ 75 ಮಿಲಿಮೀಟರ್, 1700ರಲ್ಲಿ 78. ಬೇರೆ ಬ್ರಾಕೆಟ್ ಇಲ್ಲದೆ ಕೂರುವುದಿಲ್ಲ.

ನೀವು ಕೇಳದೇ ಇದ್ದ ವಿಚಾರ ಎಸ್‌ಎಂಪಿಎಸ್. 3060 ಕಾರ್ಡ್ 170 ವ್ಯಾಟ್ ಎಳೆಯುತ್ತದೆ, ಎನ್‌ವಿಡಿಯಾ ಅದಕ್ಕೆ 550 ವ್ಯಾಟ್ ಎಸ್‌ಎಂಪಿಎಸ್ ಇರಲಿ ಅನ್ನುತ್ತದೆ. ಲೆಕ್ಕ ಹಾಕಿದರೆ ಒಳ್ಳೆಯ 450 ಕೂಡ ತಡೆಯುತ್ತದೆ. ನನಗೆ ಅನುಮಾನ ಇರುವುದು ವ್ಯಾಟ್ ಮೇಲೆ ಅಲ್ಲ, ವಯಸ್ಸಿನ ಮೇಲೆ. 2017ರಿಂದ ಬೇಸಿಗೆ, ಕರೆಂಟ್ ಏರಿಳಿತ, ಮಳೆಗಾಲದ ಪವರ್ ಕಟ್ ಎಲ್ಲ ತಿಂದ ಎಸ್‌ಎಂಪಿಎಸ್ ಅದು. ಹೋಗುವಾಗ ಒಂದೇ ಹೋಗುವುದಿಲ್ಲ, ಜೊತೆಗೆ ಹೊಸ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. 80 ಪ್ಲಸ್ ಬ್ರಾಂಜ್ ಗುರುತಿನ, ಐದು ವರ್ಷ ವಾರಂಟಿ ಇರುವ 550 ಅಥವಾ 650 ವ್ಯಾಟ್ ಒಂದನ್ನು ಇದರಲ್ಲೇ ಸೇರಿಸಿ. ಪ್ರೊಸೆಸರ್, ಬೋರ್ಡ್, ಎಸ್‌ಎಂಪಿಎಸ್ ಮೂರೂ ನಿಮ್ಮ 30 ಸಾವಿರದೊಳಗೆ ಬರುತ್ತವೆ. ಉಳಿದಿದ್ದರಲ್ಲಿ ಎಷ್ಟು ದೊಡ್ಡದು ಸಿಗುತ್ತದೋ ಅಷ್ಟು ದೊಡ್ಡ ಎನ್‌ವಿಎಂಇ (ಎಂ.2ಗೆ ಕೂರುವ ವೇಗದ) ಎಸ್‌ಎಸ್‌ಡಿ.

ಮುಂದೆ ಇದೇ ಬೋರ್ಡ್‌ಗೆ 13, 14ನೇ ತಲೆಮಾರಿನ ದೊಡ್ಡ ಚಿಪ್ ಹಾಕಬಹುದಾ ಅಂತ ಕೇಳುತ್ತೀರಿ. ಹಾಕಬಹುದು, ಎಚ್ಚರ ಇರಲಿ. ಆ ತಲೆಮಾರುಗಳ ಮೇಲ್ದರ್ಜೆಯ ಚಿಪ್‌ಗಳು ಹೆಚ್ಚು ವೋಲ್ಟೇಜ್ ತಿಂದು ಹಾಳಾಗುವ ತೊಂದರೆ 2024ರಲ್ಲಿ ದೊಡ್ಡ ಸುದ್ದಿಯಾಯಿತು. ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದ ಚಿಪ್ ತಿದ್ದುಪಡಿಯಿಂದ ವಾಸಿಯಾಗುವುದಿಲ್ಲ. ಹಾಗಾಗಿ ಬಳಸಿದ ಐ7-13700, ಐ9-14900 ಇಂಥವನ್ನು ಅಗ್ಗ ಅಂತ ತಗೊಳ್ಳಬೇಡಿ. 12ನೇ ತಲೆಮಾರಿಗೆ ಈ ಕಾಟ ಇಲ್ಲ.

ಎಸ್.ಪಿ. ರೋಡಿಗೆ ಹೋಗುವುದಾದರೆ ಗಾಡಿ ಮನೆಯಲ್ಲೇ ಬಿಡಿ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರ್ಕೆಟ್‌ನಲ್ಲೋ ಇಳಿದು ನಡೆಯುವುದು ಸುಲಭ. ಭಾನುವಾರ ಬಹುಪಾಲು ಬಾಗಿಲು ಹಾಕಿರುತ್ತವೆ. ಹೋಗುವ ದಿನ ಬೆಳಿಗ್ಗೆ ಆನ್‌ಲೈನ್ ಬೆಲೆ ನೋಡಿಕೊಂಡು ಹೋಗಿ, ಈಗ ಬೆಲೆ ವಾರಕ್ಕೊಂದು ಥರ ಇದೆ. ಬಿಲ್ ಬೇಡ ಅಂದರೆ ಕಮ್ಮಿ ಮಾಡುತ್ತೇವೆ ಅಂದರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್‌ನಲ್ಲಿ ಬೋರ್ಡ್ ಮತ್ತು ಪ್ರೊಸೆಸರ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಮುಂದೆ ಸರ್ವಿಸ್ ಸೆಂಟರ್‌ನಲ್ಲಿ ಅದೇ ಕೇಳುವುದು. ದುಡ್ಡು ಕೊಡುವ ಮೊದಲು ಬೋರ್ಡ್ ಡಬ್ಬ ತೆರೆಸಿ, ಸಾಕೆಟ್ ಮುಚ್ಚಳ ತೆಗೆಸಿ, ಒಳಗಿನ ಪಿನ್‌ಗಳ ಫೋಟೊ ತೆಗೆದುಕೊಳ್ಳಿ. ಇಂಟೆಲ್‌ನಲ್ಲಿ ಪಿನ್ ಇರುವುದು ಬೋರ್ಡ್‌ನಲ್ಲಿ. ಒಂದು ಬಾಗಿದ್ದರೂ ವಾರಂಟಿ ಕೈಬಿಡುತ್ತಾರೆ, ಯಾರು ಬಗ್ಗಿಸಿದ್ದು ಅಂತ ಆಮೇಲೆ ವಾದ ಮಾಡಿ ಪ್ರಯೋಜನ ಇಲ್ಲ.

ಹಳೆಯದನ್ನು ಬಿಚ್ಚುವ ಮೊದಲು ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಲೈಸೆನ್ಸ್ ಅದಕ್ಕೆ ಸೇರಿದೆಯಾ ನೋಡಿ. ಬೋರ್ಡ್ ಬದಲಾದರೆ ವಿಂಡೋಸ್‌ಗೆ ಅದು ಬೇರೆ ಕಂಪ್ಯೂಟರ್. ರೀಟೇಲ್ ಲೈಸೆನ್ಸ್ ಆದರೆ ಆಕ್ಟಿವೇಷನ್ ಟ್ರಬಲ್‌ಶೂಟರ್‌ನಲ್ಲಿ ‘ಹಾರ್ಡ್‌ವೇರ್ ಬದಲಾಯಿಸಿದ್ದೇನೆ’ ಅಂತ ಆರಿಸಿ ಹಿಂದಕ್ಕೆ ಪಡೆಯಬಹುದು. ಒಇಎಂ (ಪಿಸಿ ಜೊತೆಗೇ ಬಂದ) ಲೈಸೆನ್ಸ್ ಹಳೆಯ ಬೋರ್ಡ್ ಜೊತೆಗೇ ಹೋಯಿತು. ಫೋಟೊ, ಫೈಲ್ ಬ್ಯಾಕಪ್ ಮಾಡಿ, ಹೊಸ ಎಸ್‌ಎಸ್‌ಡಿಗೆ ವಿಂಡೋಸ್ 11 ಹೊಸದಾಗಿಯೇ ಹಾಕಿ. ಹಳೆಯ ವಿಂಡೋಸನ್ನೇ ಎಳೆದು ತರಲು ಹೋದರೆ ಬೂಟ್ ತೊಂದರೆಯಲ್ಲಿ ಒಂದು ದಿನ ಕಳೆಯುತ್ತೀರಿ. ಬಯೋಸ್‌ನಲ್ಲಿ ಇಂಟೆಲ್ ಪಿಟಿಟಿ (ಇಂಟೆಲ್‌ನ ಟಿಪಿಎಂ) ಮತ್ತು ಸೆಕ್ಯೂರ್ ಬೂಟ್ ಆನ್ ಇರಲಿ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಎರಡೂ ಬೇಕು. ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿದ್ದೀರಾ ನೋಡಿ, ಇಲ್ಲದಿದ್ದರೆ ನಿಮ್ಮ 2400 ರ‍್ಯಾಮ್ 2133ರಲ್ಲೇ ಓಡುತ್ತಿರಬಹುದು. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಸ್ಟಿಕ್ ಹಾಕಿ.

ಇಷ್ಟು ಮಾಡಿದರೆ ಸರಾಸರಿ ಎಫ್‌ಪಿಎಸ್ ಎರಡು ಪಟ್ಟು ಆಗುತ್ತದೆ ಅಂತ ಕಾಯಬೇಡಿ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಥರದ ಆಟಗಳಲ್ಲಿ ನಿಮ್ಮ 144 ಹರ್ಟ್ಸ್ ಮಾನಿಟರ್‌ಗೆ ಕೊನೆಗೂ ಕೆಲಸ ಸಿಗುತ್ತದೆ. ಭಾರದ ಆಟಗಳಲ್ಲಿ ಈಗ ಅಡ್ಡಿ 3060 ಕಾರ್ಡ್‌ನದಾಗುತ್ತದೆ, ಮೂಲೆಯ ಅಂಕಿ 97-98 ತೋರಿಸುತ್ತದೆ, ಅದು ಸರಿಯಾದ ಸ್ಥಿತಿ. ಹಳೆಯ ಬೋರ್ಡ್ ಮಾರುವುದಾದರೆ ಐ5 ಚಿಪ್ಪನ್ನು ಸಾಕೆಟ್‌ನಲ್ಲೇ ಬಿಟ್ಟು ಜೊತೆಯಾಗಿ ಮಾರಿ, ಪಿನ್ ಸುರಕ್ಷಿತ. ಹೊಸ ಬೋರ್ಡ್‌ನ ಆ ಕಪ್ಪು ಪ್ಲಾಸ್ಟಿಕ್ ಸಾಕೆಟ್ ಮುಚ್ಚಳವನ್ನು ಮಾತ್ರ ಎಸೆಯಬೇಡಿ. ವಾರಂಟಿಗೆ ಕಳಿಸುವಾಗ ಅದನ್ನು ಹಾಕಿಯೇ ಕಳಿಸಬೇಕು.